ಹಲಗೆಯ ಮೇಲಿನ ಹಸಿ ಉಂಗುರ

ಗಡ್ಡದ ಡ್ರೈವರ್ ತನ್ನ ಲಾರಿ ನೋಡಲು ಬಂದಾಗ ರಿಪೇರಿ ಶೆಡ್ಡಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆಲ್ಲ ಹೊಗೆ. ನೀಲಿ ಬೆರೆತ ಬಿಳಿ ಹೊಗೆ, ನೆಲಕ್ಕೆ ಅಂಟಿಕೊಂಡು ನಿಂತಿತ್ತು.

"ಮೇಸ್ತ್ರೀ!" ಎಂದು ಕೂಗಿದ.

ಮೂಗಿಗೆ ಟವೆಲ್ ಒತ್ತಿಕೊಂಡು ಒಳಗೆ ಹೋದ. ಲಾರಿಯ ಮೂತಿಯ ಪಕ್ಕದಲ್ಲಿ ಮೇಸ್ತ್ರಿ ಅಂಗಾತ ಬಿದ್ದಿದ್ದರು. ಎದೆಯ ಮೇಲೆ ಒಂದು ಮರದ ಹಲಗೆ. ಎರಡೂ ಕೈ ಅದನ್ನು ಇನ್ನೂ ಹಿಡಿದುಕೊಂಡೇ ಇದ್ದವು. ಕುತ್ತಿಗೆಯ ಪಕ್ಕ, ಇಂಜಿನ್ನಿನ ಫ್ಯಾನಿನ ಒಂದು ರೆಕ್ಕೆ ಒಳಹೊಕ್ಕು ನಿಂತಿತ್ತು.

ಇಂಜಿನ್ ನಿಂತುಹೋಗಿತ್ತು. ಮುಟ್ಟಿದರೆ ಕೈ ಸುಡುವಷ್ಟು ಬಿಸಿ.

ಡ್ರೈವರ್ ಹೊರಗೆ ಓಡಿ ಬಂದು ರಸ್ತೆಯಲ್ಲೇ ಕುಳಿತುಬಿಟ್ಟ.

*

ಇನ್ಸ್‌ಪೆಕ್ಟರ್ ಬಂದದ್ದು ಹೊಗೆ ತಿಳಿಯಾದ ಮೇಲೆ. ನಿವೃತ್ತಿಗೆ ಹತ್ತಿರವಾದ ಹೆಂಗಸು. ಮಾತು ಕಡಿಮೆ. ನಡೆಯುವುದೂ ನಿಧಾನ. ಹಿಂದಿನಿಂದ ಕಾನ್‌ಸ್ಟೇಬಲ್‌ಗಳು ಅವರನ್ನು "ಪ್ಯಾಸೆಂಜರ್ ಗಾಡಿ" ಎನ್ನುತ್ತಿದ್ದರು. ಎಲ್ಲ ಕಡೆ ನಿಂತು, ನೋಡಿ, ಮುಂದಕ್ಕೆ ಹೋಗುವವರು.

ಅವರಿಗಿಂತ ಮೊದಲೇ ವಾಹನ ತಪಾಸಣೆಯ ಅಧಿಕಾರಿ ಬಂದಿದ್ದರು. ಅವರಾಗಲೇ ಒಂದು ತೀರ್ಮಾನಕ್ಕೂ ಬಂದಿದ್ದರು.

"ಇದು ಕೊಲೆ ಗಿಲೆ ಅಲ್ಲ ಮೇಡಂ. ಇಂಜಿನ್‌ಗೆ ಹುಚ್ಚು ಹಿಡಿದಿದೆ. ಡೀಸೆಲ್ ಇಂಜಿನ್‌ಗೆ ಒಂದೊಂದ್ ಸಲ ಹೀಗಾಗುತ್ತೆ. ಕೀ ತೆಗೆದ್ರೂ ನಿಲ್ಲಲ್ಲ, ಡೀಸೆಲ್ ಬಂದ್ ಮಾಡಿದ್ರೂ ನಿಲ್ಲಲ್ಲ. ವೇಗ ಏರ್ತಾನೇ ಹೋಗುತ್ತೆ, ಏನಾದ್ರೂ ಮುರಿಯೋ ತನಕ."

"ಯಾಕೆ ಹಿಡೀತು?"

"ಎಳೆತದ ಆಸೆ. ಹಳೇ ಲಾರಿ, ಗುಡ್ಡ ಹತ್ತಬೇಕು, ಟಾರ್ಕ್ ಬೇಕು. ಪಂಪ್ ಸ್ಕ್ರೂ ತಿರುಗಿಸಿ ಡೀಸೆಲ್ ಜಾಸ್ತಿ ಬಿಟ್ಟಿರ್ತಾರೆ. ಇಲ್ಲಾಂದ್ರೆ ಹಳೇ ಟರ್ಬೊ ತಂದು ಕೂರಿಸಿದಾರಲ್ಲ, ಅದು ಎಣ್ಣೆ ಸೋರಿಸಿರುತ್ತೆ, ಇಂಜಿನ್ ಆ ಎಣ್ಣೇನೇ ಸುಟ್ಟು ಓಡಿರುತ್ತೆ. ಎರಡರಲ್ಲಿ ಯಾವುದಾದ್ರೂ ಕಟ್ಟಿದವರ ತಪ್ಪೇ."

"ಹಾಗಂತ ಬರೆದ್ರೆ?"

"ಶೆಡ್‌ಗೆ ಬೀಗ. ಲಾರಿ ಗುಜರಿಗೆ."

ಶೆಡ್ಡಿನ ಹಿಂಬಾಗಿಲು ಮನೆಯ ಅಡುಗೆಕೋಣೆಗೆ ತೆರೆಯುತ್ತಿತ್ತು. ಅಲ್ಲಿ ಹೊಸ್ತಿಲ ಮೇಲೆ ಕುಳಿತಿದ್ದ ಮೇಸ್ತ್ರಿಯ ಹೆಂಡತಿ ಥಟ್ಟನೆ ಎದ್ದು ಬಂದಳು. ಅತ್ತು ಅತ್ತು ದನಿ ಒಡೆದಿತ್ತು.

"ಅವರ ಕೈ ಕೆಟ್ಟದ್ದು ಅಂತ ಮಾತ್ರ ಬರೀಬೇಡಿ. ಜೀವಮಾನ ಎಲ್ಲ ಸೇರಿಸಿಟ್ಟಿದ್ದು ಆ ಹೆಸರೊಂದೇ. ಅದನ್ನೂ ಹೆಣದ ಜೊತೆ ಹೊತ್ಕೊಂಡ್ ಹೋಗ್ಬೇಡಿ."

ಅವಳ ಹಿಂದೆ ಮಗಳು ನಿಂತಿದ್ದಳು. ಎಲ್ಲರೂ ಪುಟ್ಟಿ ಎನ್ನುತ್ತಿದ್ದ, ಅಪ್ಪನ ಜೊತೆಗೇ ಕೆಲಸ ಕಲಿತ ದೊಡ್ಡ ಹುಡುಗಿ. ಉಗುರಿನ ಸಂದಿಯಲ್ಲೆಲ್ಲ ಗ್ರೀಸ್. ಅವಳು ಅಳುತ್ತಿರಲಿಲ್ಲ. ತಾಯಿಯ ಬೆನ್ನನ್ನೇ ನೋಡುತ್ತಿದ್ದಳು.

ಆ ನೋಟವನ್ನು ಇನ್ಸ್‌ಪೆಕ್ಟರ್ ಗಮನಿಸಿದರು.

"ಸಾರ್, ಎರಡು ದಿನ ತಡೆದು ಬರೀರಿ," ಎಂದು ಅಧಿಕಾರಿಗೆ ಹೇಳಿದರು.

*

"ಅಜ್ಜಿಗೆ ಹೊಸ ಗುಂಡಿಗೆ ಹಾಕಿಕೊಡ್ತೀನಿ ಅಂದಿದ್ರು," ಎಂದ ಗಡ್ಡದ ಡ್ರೈವರ್. ಅಜ್ಜಿ ಎಂದರೆ ಅವನ ಲಾರಿ. "ನನ್ನಪ್ಪ ಓಡಿಸಿದ ಗಾಡಿ ಮೇಡಂ. ಹೊಗೆ ಪರೀಕ್ಷೇಲಿ ಫೇಲಾಗಿ ಮೂಲೇಲಿ ನಿಂತಿತ್ತು. ಈ ಸಲಾನೂ ಫೇಲಾದ್ರೆ ಗುಜರಿ."

"ಹೊಗೆ ಕಮ್ಮಿ ಆದ್ರೆ ಎಳೆತಾನೂ ಕಮ್ಮಿ ಆಗಲ್ವಾ?"

"ಎಲ್ಲ ಹಂಗೇ ಹೇಳೋದು. ಮೇಸ್ತ್ರಿ ಒಪ್ತಿರಲಿಲ್ಲ. 'ಗಾಳಿ ಮೊದಲು, ಡೀಸೆಲ್ ಆಮೇಲೆ' ಅನ್ನೋರು. ಹೆಡ್ ಬಿಚ್ಚಿ ಉಜ್ಜಿದ್ರು, ಲೈನರ್, ಪಿಸ್ಟನ್ ಎಲ್ಲ ಹೊಸದು. ನಾಝಲ್ ಒಂದೊಂದಾಗಿ ಕೂರಿಸಿದ್ರು. ಟರ್ಬೊ ಹಾಕಿ ಗಾಳಿ ಜಾಸ್ತಿ ಮಾಡಿದ್ರು. ಆ ಗಾಳಿ ಎಷ್ಟು ಸುಡುತ್ತೋ ಅಷ್ಟೇ ಡೀಸೆಲ್. ಒಂದು ಕೂದಲೆಳೆ ಜಾಸ್ತಿ ಇಲ್ಲ. ಹೋದ ವಾರ ಲೋಡ್ ಹಾಕಿ ಗುಡ್ಡ ಹತ್ತಿಸಿದೆ. ಎರಡನೇ ಗೇರಿಗೆ ಇಳೀಲೇ ಇಲ್ಲ! ಹಿಂದೆ ಹೊಗೇನೂ ಇಲ್ಲ. ನಾನು ಗಾಡಿ ನಿಲ್ಲಿಸಿ ಅತ್ತುಬಿಟ್ಟೆ."

"ನಾಳೆ ಪರೀಕ್ಷೆ ಇತ್ತು ಅಲ್ವಾ?"

"ಹೂಂ. ಅದಕ್ಕೇ ಇವತ್ತು ಶೆಡ್‌ನಲ್ಲೇ ಫುಲ್ ರೇಸ್ ಮಾಡಿ ನೋಡ್ತೀನಿ ಅಂದಿದ್ರು. ಪರೀಕ್ಷೇಲಿ ಮಾಡೋ ಥರಾನೇ. ನಾನು ಸ್ವಲ್ಪ ಬೇಗ ಬಂದಿದ್ರೆ..."

ಅವನು ಟವೆಲ್ಲನ್ನು ಮುಖಕ್ಕೆ ಒತ್ತಿಕೊಂಡ.

*

ಮೊದಲು ಸಿಕ್ಕಿದ ಸುಳಿವು ಸ್ಟಿಕ್ಕರ್‌ನದು. ಪರೀಕ್ಷಾ ಕೇಂದ್ರದ ಮುಂದೆ ಲಾರಿಗಳನ್ನು ಪಾಸು ಮಾಡಿಸಿಕೊಡುವ ದಲ್ಲಾಳಿಗೆ ಎಲ್ಲರೂ ಇಟ್ಟ ಹೆಸರು. ಅವನ ಉಪಾಯ ಸರಳ. ಎಕ್ಸಿಲರೇಟರ್ ಪೆಡಲ್ ಕೆಳಗೆ ಒಂದು ನಟ್ಟು ಅಂಟಿಸುವುದು. ಪೆಡಲ್ ಪೂರ್ತಿ ಇಳಿಯುವುದಿಲ್ಲ, ಹೊಗೆಯೂ ಬರುವುದಿಲ್ಲ. ಗೇಟು ದಾಟಿದ ಮೇಲೆ ನಟ್ಟು ಕಿತ್ತು ಜೇಬಿಗೆ.

ಮೇಸ್ತ್ರಿಗೂ ಅವನಿಗೂ ಬೀದಿಯಲ್ಲೇ ಜಗಳವಾಗಿತ್ತು. ಬೀದಿಯೆಲ್ಲ ಕೇಳಿತ್ತು.

"ಬೈದಿದ್ದು ನಿಜ ಮೇಡಂ," ಎಂದ ಸ್ಟಿಕ್ಕರ್. "ಇವರ ಒಂದು ಲಾರಿ ನಟ್ಟಿಲ್ಲದೆ ಪಾಸಾದ್ರೆ, ಎಲ್ಲಾ ಲಾರಿ ಪೆಡಲ್ ಕೆಳಗೂ ಬಗ್ಗಿ ನೋಡ್ತಾರೆ. ನನ್ನ ಹೊಟ್ಟೆ ಮೇಲೆ ಹೊಡೀತಿದ್ದೀರಲ್ಲಾ ಅಂದೆ. ಅದಕ್ಕೆ ಕೊಲ್ತೀನಾ? ನನಗೆ ಬಾನೆಟ್ ತೆಗೆಯೋಕೂ ಬರಲ್ಲ. ನನ್ನ ವಿದ್ಯೆ ಎಲ್ಲ ಪೆಡಲ್ ಕೆಳಗೇ ಮುಗೀತು."

"ನಿನ್ನೆ ಎಲ್ಲಿದ್ದೆ?"

"ಇಲ್ಲೇ. ಬೆಳಗಿಂದ ಗೇಟ್ ಬಿಟ್ಟಿಲ್ಲ, ಯಾರನ್ನ ಬೇಕಾದ್ರೂ ಕೇಳಿ. ಮೇಸ್ತ್ರಿ ಜೊತೆ ಕೆಲಸ ಮಾಡೋ ಅವರ ತಮ್ಮನನ್ನೇ ಕೇಳಿ, ಅವನೂ ಇಲ್ಲೇ ಇದ್ದ."

"ಏನ್ ಮಾಡ್ತಿದ್ದ?"

ಸ್ಟಿಕ್ಕರ್ ತಲೆ ಕೆರೆದುಕೊಂಡ. "ಅದೇ ನಂಗೂ ಅರ್ಥ ಆಗ್ಲಿಲ್ಲ. ನಾಳೆಯ ಸರದಿ ಹಿಡಿಯೋಕೆ ಬಂದೆ ಅಂದ. ಸರದಿ ಸಾಲಲ್ಲಿ ಮಾತ್ರ ನಿಲ್ಲಲೇ ಇಲ್ಲ. ಬೆಂಚಿನ ಮೇಲೆ ಕೂತು ತನ್ನ ಕೈ ನೋಡ್ಕೊಂಡಿದ್ದ. ಟೀ ತಂದುಕೊಟ್ಟೆ. ಕುಡೀಲಿಲ್ಲ, ಹಾಗೇ ಆರಿಹೋಯ್ತು."

*

ಅದೇ ದಿನ ಮಧ್ಯಾಹ್ನ ಶೆಡ್ಡಿನಲ್ಲಿ ಇನ್ಸ್‌ಪೆಕ್ಟರ್ ಮತ್ತು ಪುಟ್ಟಿ ಇಬ್ಬರೇ.

ಇನ್ಸ್‌ಪೆಕ್ಟರ್ ಮೊದಲು ಗೋಡೆ ನೋಡಿದರು. ಬಾಗಿಲ ಪಕ್ಕದಲ್ಲಿ, ಹೊಗೆಕೊಳವೆಯ ಎದುರಿನ ಸುಣ್ಣದ ಗೋಡೆ ಜಿಡ್ಡಾಗಿತ್ತು. ಬೆರಳಿನಿಂದ ಒರೆಸಿದರು. ಮಸಿ ಹತ್ತಲಿಲ್ಲ. ಎಣ್ಣೆ ಹತ್ತಿತು.

"ಡೀಸೆಲ್ ಜಾಸ್ತಿಯಾದ್ರೆ ಹೊಗೆ ಯಾವ ಬಣ್ಣ?"

"ಕಪ್ಪು."

"ಸರಿ. ಹಾಗಾದ್ರೆ ಪಂಪ್ ಸ್ಕ್ರೂ ಮಾತು ಬಿಡೋಣ." ಹಲಗೆಯನ್ನು ಮೇಜಿನ ಮೇಲಿಟ್ಟರು. ಅದರ ಒಂದು ಮುಖಕ್ಕೆ ದಪ್ಪ ರಬ್ಬರ್ ಹೊಡೆದಿತ್ತು. "ಇದು ಏನಕ್ಕೆ, ಹೇಳು."

"ಇಂಜಿನ್‌ಗೆ ಹುಚ್ಚು ಹಿಡಿದ್ರೆ ನಿಲ್ಲಿಸೋಕೆ ಇರೋದು ಒಂದೇ ದಾರಿ. ಉಸಿರು ಕಟ್ಟಿಸೋದು. ಅದಕ್ಕೇ ಅಪ್ಪ ಫುಲ್ ರೇಸ್ ಮಾಡುವಾಗ ಫಿಲ್ಟರ್ ಬಿಚ್ಚಿಟ್ಟು, ಗಾಳಿ ಪೈಪಿನ ಬಾಯಿ ಹತ್ರ ಒಬ್ಬರನ್ನ ಹಲಗೆ ಹಿಡಿದು ನಿಲ್ಲಿಸ್ತಿದ್ರು. ಏನಾದ್ರೂ ಆದ್ರೆ ಬಾಯಿಗೆ ಒತ್ತಿಬಿಡೋದು. ಅಪ್ಪ ಪೆಡಲ್ ಹತ್ರ. ಹಲಗೆ ಹತ್ರ ಅವರು ತುಂಬ ನಂಬಿದವರು."

"ಯಾರು?"

"ಯಾವಾಗಲೂ ಚಿಕ್ಕಪ್ಪ." ಹಲಗೆಯ ಅಂಚನ್ನು ಬೆರಳಿನಿಂದ ತಡವಿದಳು. "ಈ ಸಲ ಮಾತ್ರ ನಾನು. ಈ ಇಂಜಿನ್‌ನಲ್ಲಿ ಅರ್ಧ ಕೆಲಸ ನಂದೇ. 'ಇದರ ಹಲಗೆ ಪುಟ್ಟಿ ಹಿಡೀಲಿ, ಮುಂದೆ ಶೆಡ್ಡೂ ಅವಳೇ ನೋಡ್ಕೊಳ್ಳೋದು' ಅಂದ್ರು. ಊಟಕ್ಕೆ ಕೂತಾಗ, ಎಲ್ಲರ ಮುಂದೇನೇ."

"ಮತ್ತೆ ನೀನು ಇರಲಿಲ್ಲ."

"ದೊಡ್ಡಮ್ಮನಿಗೆ ಹುಷಾರಿಲ್ಲ, ಬೇಗ ಹೋಗು ಅಂತ ಅಮ್ಮ ಬೆಳಿಗ್ಗೆ ಕಳಿಸಿದ್ಲು. ಹೋಗಿ ನೋಡಿದ್ರೆ ದೊಡ್ಡಮ್ಮ ಬಟ್ಟೆ ಒಗೀತಿದ್ಲು. ವಾಪಸ್ ಬರೋಷ್ಟರಲ್ಲಿ..."

ಇನ್ಸ್‌ಪೆಕ್ಟರ್ ಹಲಗೆಯನ್ನು ಬೆಳಕಿಗೆ ತಿರುಗಿಸಿದರು. ರಬ್ಬರಿನ ಮೇಲೆ ಒಂದರ ಮೇಲೊಂದು ಉಂಗುರದ ಗುರುತುಗಳು. ಹಿಂದೆ ಎಷ್ಟೋ ಸಲ ಒತ್ತಿ ನೋಡಿದ ಪೈಪಿನ ಬಾಯಿಯ ಅಚ್ಚು. ಎಲ್ಲವೂ ಒಣ ಧೂಳಿನವು. ಮೇಲಿನ ಒಂದು ಉಂಗುರ ಮಾತ್ರ ಹಸಿ. ಎಣ್ಣೆ.

"ಟರ್ಬೊ ಎಲ್ಲಿದೆ?"

ಪುಟ್ಟಿ ತೋರಿಸಿದಳು. ಗಾಳಿಯ ಬಾಯಿಂದ ರಬ್ಬರ್ ಪೈಪು ಕೆಳಕ್ಕೆ ಬಾಗಿ, ಮತ್ತೆ ಮೇಲೇರಿ ಟರ್ಬೊ ಸೇರುತ್ತಿತ್ತು.

"ಗಾಳಿ ಬಾಯಿಂದ ಟರ್ಬೊಗೆ ಹೋಗುತ್ತೆ. ಅಲ್ಲಿಂದ ಇಂಜಿನ್‌ಗೆ. ಟರ್ಬೊ ಸೋರಿದ್ರೆ ಎಣ್ಣೆ ಮುಂದಕ್ಕೆ ಹೋಗ್ಬೇಕು. ಆ ಬಿರುಗಾಳಿಗೆ ಎದುರಾಗಿ ಬಾಯಿ ತನಕ ಹಿಂದಕ್ಕೆ ಹತ್ತಿ ಬರುತ್ತಾ?"

ಪುಟ್ಟಿ ತಲೆಯಾಡಿಸಿದಳು. ಬರುವುದಿಲ್ಲ.

"ಹಾಗಾದ್ರೆ ಬಾಯಿಂದಲೇ ಒಳಗೆ ಹೋಗಿದೆ," ಎಂದರು ಇನ್ಸ್‌ಪೆಕ್ಟರ್. "ಯಾರೋ ಹುಯ್ದಿದಾರೆ."

ಬೆರಳ ತುದಿಗೆ ಆ ಎಣ್ಣೆ ಹಚ್ಚಿಕೊಂಡು ಕಿಟಕಿಯ ಹತ್ತಿರ ಹಿಡಿದರು. ಕಪ್ಪು ಎಣ್ಣೆಯಲ್ಲಿ ಸಣ್ಣ ಸಣ್ಣ ಮಿನುಗು. ಲೋಹದ ಪುಡಿ.

"ಇಂಜಿನ್‌ನೊಳಗಿನ ಎಣ್ಣೇಲಿ ಈ ಮಿನುಗು ಇದೆಯಾ?"

"ಇರಲ್ಲ. ಅದು ಹೊಸ ಎಣ್ಣೆ." ಪುಟ್ಟಿಯ ಕಣ್ಣು ತಾನಾಗಿಯೇ ಅಪ್ಪನ ಮೇಜಿನ ಕೆಳಗೆ ಹೋಯಿತು. "ಹೊಸದಾಗಿ ಕಟ್ಟಿದ ಇಂಜಿನ್ ಸ್ವಲ್ಪ ಓಡಿದ ಮೇಲೆ ಮೊದಲ ಎಣ್ಣೆ ಇಳಿಸ್ತಾರೆ. ಅಪ್ಪ ಅದನ್ನ ಚೆಲ್ಲಲ್ಲ. ಡಬ್ಬದಲ್ಲಿ ತಿಳಿಯಾಗೋಕೆ ಇಡ್ತಾರೆ. ಅಡಿಗೆ ಕೂತ ಪುಡಿ ನೋಡಿ, ಒಳಗೆ ಯಾವುದು ಎಷ್ಟು ಸವೀತು ಅಂತ ಹೇಳ್ತಾರೆ. ನನಗೂ ತೋರಿಸ್ಬೇಕಿತ್ತು."

ಇನ್ಸ್‌ಪೆಕ್ಟರ್ ಬಗ್ಗಿ ಡಬ್ಬ ಎಳೆದರು. ಒಳಗಿನ ಗೋಡೆಯ ಮೇಲೆ ಎಣ್ಣೆಯ ಹಳೆಯ ಗೆರೆ ಮೇಲಿತ್ತು. ಎಣ್ಣೆ ಅದಕ್ಕಿಂತ ಬಹಳ ಕೆಳಗಿತ್ತು. ಅಡಿಯ ಪುಡಿಯೆಲ್ಲ ಕದಡಿತ್ತು.

ಹೊರಗಿನವನಾಗಿದ್ದರೆ ಬಾಗಿಲ ಬಳಿಯೇ ಇದ್ದ ವೇಸ್ಟ್ ಎಣ್ಣೆಯ ಡ್ರಮ್ಮಿಗೆ ಕೈ ಹಾಕುತ್ತಿದ್ದ. ಈ ಡಬ್ಬ ಎಲ್ಲಿರುತ್ತದೆ, ಅದರಲ್ಲಿ ಇದೇ ಇಂಜಿನ್ನಿನ ಎಣ್ಣೆ ಇದೆ ಎಂದು ತಿಳಿದವರು ಮನೆಯವರು. ಸೋರಿದ ಎಣ್ಣೆ ಎಂದು ತೋರಲಿ ಅಂತ ಇದನ್ನೇ ಆರಿಸಿದ್ದರು.

"ಪುಟ್ಟಿ, ಈ ವಿಷಯ ನಮ್ಮಿಬ್ಬರಲ್ಲೇ ಇರಲಿ. ನಿಮ್ಮಮ್ಮನಿಗೂ ಹೇಳ್ಬೇಡ."

"ನಾನು ಅಮ್ಮನ ಜೊತೆ ಮಾತಾಡ್ತಿಲ್ಲ," ಎಂದಳು ಪುಟ್ಟಿ.

*

ತಾಯಿಯನ್ನು ಅಡುಗೆಕೋಣೆಯಲ್ಲೇ ಕೇಳಿದರು.

"ಮಗಳನ್ನ ಸುಳ್ಳು ಹೇಳಿ ಯಾಕೆ ಕಳಿಸಿದ್ರಿ?"

ಅವಳು ಒಲೆಯ ಕಟ್ಟೆ ಒರೆಸುತ್ತಿದ್ದಳು. ಅಲ್ಲಿ ಒರೆಸಲು ಏನೂ ಇರಲಿಲ್ಲ.

"ಭಯ ಮೇಡಂ. ಆ ಹಲಗೆ ಕಂಡ್ರೆ ಮದುವೆಯಾದಾಗಿಂದ ಭಯ. ಗಂಡನಿಗೆ ಹೇಳಿದ್ರೆ ನಗ್ತಿದ್ರು. ಮಗಳನ್ನ ಅಲ್ಲಿ ನಿಲ್ಲಿಸ್ತೀನಿ ಅಂದ್ರಲ್ಲ, ರಾತ್ರಿಯೆಲ್ಲ ನಿದ್ದೆ ಇಲ್ಲ. ಅವಳಿಲ್ಲದಿದ್ರೆ ಮೈದುನನ್ನ ಕರೀತಾರೆ ಬಿಡು, ದಿನಾ ಅವನೇ ತಾನೆ ಅಂದ್ಕೊಂಡೆ."

"ಕರೆದ್ರಾ?"

"ಕರೆದ್ರು. ಇಲ್ಲಿಗೇ ಕೇಳಿಸ್ತು. 'ಲೋ, ಪುಟ್ಟಿ ಇಲ್ಲ ಕಣೋ, ನೀನೇ ಬಾ. ನೀನಿದ್ರೇ ನನಗೆ ಧೈರ್ಯ' ಅಂದ್ರು."

"ಅವನು?"

"'ಸರದಿ ಹಿಡೀಬೇಕು, ಅವಳೇ ಬರಲಿ, ಕಾಯ್ತಾ ಇರು' ಅಂದು ಹೊರಟೇಹೋದ. ಇವರು ಸ್ವಲ್ಪ ಹೊತ್ತು ಕಾದ್ರು. ಆಮೇಲೆ..." ಬಟ್ಟೆ ಕೈಯಿಂದ ಜಾರಿತು. "ಪೆಡಲ್ ಹತ್ರ ಹೋದ್ರೆ ಹಲಗೆ ಹಿಡಿಯೋರಿಲ್ಲ ಅಂತ ಇಂಜಿನ್ ಪಕ್ಕದಲ್ಲೇ ನಿಂತು ಕೈಯಲ್ಲೇ ರೇಸ್ ಎಳೆದಿರ್ಬೇಕು. ಆ ಸದ್ದು... ನಾನು ಇಲ್ಲೇ ಕಿವಿ ಮುಚ್ಕೊಂಡು ಕೂತಿದ್ದೆ. ಸದ್ದು ನಿಂತಾಗ, ಸದ್ಯ ಮುಗೀತು ಅಂತ ಸಮಾಧಾನ ಮಾಡ್ಕೊಂಡೆ ಮೇಡಂ. ಎದ್ದು ನೋಡ್ಲಿಲ್ಲ."

ಇನ್ಸ್‌ಪೆಕ್ಟರ್ ಬಿದ್ದ ಬಟ್ಟೆಯನ್ನು ಎತ್ತಿ ಕಟ್ಟೆಯ ಮೇಲಿಟ್ಟರು.

*

ಆ ಸಂಜೆ ತಪಾಸಣೆ ಅಧಿಕಾರಿಯೂ ಇನ್ಸ್‌ಪೆಕ್ಟರೂ ಸೇರಿ ಬಾಗು ಪೈಪನ್ನು ಬಿಚ್ಚಿದರು. ಒಳಗೆ ಉಳಿದಿದ್ದ ಎಣ್ಣೆಯನ್ನು ಸೀಸೆಗೆ ತುಂಬಿ ಮೊಹರು ಹಾಕಿದರು. ಪೈಪನ್ನು ತೊಳೆದು ಮೊದಲಿದ್ದ ಹಾಗೇ ಕೂರಿಸಿದರು.

"ನನ್ನ ಮೊದಲ ಮಾತು ತಪ್ಪು ಮೇಡಂ," ಎಂದರು ಅಧಿಕಾರಿ.

"ಅದನ್ನ ನಾಳೆವರೆಗೆ ಯಾರಿಗೂ ಹೇಳ್ಬೇಡಿ."

*

ಮರುದಿನ ಎಲ್ಲರೂ ಶೆಡ್ಡಿನಲ್ಲಿ ಸೇರಿದರು. ಡ್ರೈವರ್ ಬೇರೆ ಲಾರಿಯ ಫ್ಯಾನ್ ತಂದು ಕೂರಿಸಿದ್ದ. ಮೇಸ್ತ್ರಿಯ ತಮ್ಮನೂ ಬಂದಿದ್ದ. ನೆರೆಗೂದಲಿನ, ಬಗ್ಗಿದ ಬೆನ್ನಿನ ಮನುಷ್ಯ. ಅಣ್ಣನ ಹಾಗೇ ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದ.

"ವರದಿ ಬರೆಯೋಕೆ ಮುಂಚೆ ಇಂಜಿನ್ ಓಡಿಸಿ ನೋಡ್ಬೇಕು," ಎಂದರು ಇನ್ಸ್‌ಪೆಕ್ಟರ್. "ಟರ್ಬೊ ಸೋರಿಕೆ ಅಂತ ಸಾಹೇಬರ ಅಭಿಪ್ರಾಯ. ಯಾವುದನ್ನೂ ಬಿಚ್ಚೋದು ಬೇಡ. ಹೇಗಿದೆಯೋ ಹಾಗೇ ಫುಲ್ ರೇಸ್. ಡ್ರೈವರ್ ಪೆಡಲ್ ಒತ್ತಲಿ. ಪುಟ್ಟಿ, ನೀನು ಹಲಗೆ ತಗೊಂಡು ಬಾಯಿ ಹತ್ರ ನಿಲ್ಲು."

ಪುಟ್ಟಿ ಹಲಗೆ ತೆಗೆದುಕೊಂಡಳು.

ಇನ್ಸ್‌ಪೆಕ್ಟರ್ ನೋಡಿದ್ದು ಅವಳನ್ನಲ್ಲ. ಚಿಕ್ಕಪ್ಪನನ್ನು. ಅವನು ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಿದ್ದ. ಒಂದು ಬೆರಳು, ಇನ್ನೊಂದು ಬೆರಳು. ತಲೆ ಎತ್ತಲಿಲ್ಲ. ಮಾತಾಡಲಿಲ್ಲ.

ಪುಟ್ಟಿ ಹೋಗಿ ಗಾಳಿ ಪೈಪಿನ ಬಾಯಿಯ ಮುಂದೆ, ಫ್ಯಾನಿನ ಪಕ್ಕದಲ್ಲೇ ನಿಂತಳು. ಅವನು ಆಗಲೂ ಮಾತಾಡಲಿಲ್ಲ.

"ಬೇಡ!" ತಾಯಿ ಚೀರಿದಳು. "ಅವಳನ್ನ ಬಿಟ್ಬಿಡಿ!"

"ಸರಿ," ಎಂದರು ಇನ್ಸ್‌ಪೆಕ್ಟರ್ ತಣ್ಣಗೆ. "ಯಜಮಾನ್ರೇ, ನೀವೇ ಬನ್ನಿ. ಈ ಜಾಗ ನಿಮ್ಮದೇ ಅಲ್ವಾ? ಡ್ರೈವರ್, ಸ್ಟಾರ್ಟ್ ಮಾಡು."

ಸೆಲ್ಫ್ ಸ್ಟಾರ್ಟರ್ ಗರಗರ ಎಂದಿತು. ಚಿಕ್ಕಪ್ಪ ಒಂದು ಹೆಜ್ಜೆ ಹಿಂದೆ ಸರಿದ.

"ತಡೀರಿ. ತಡೀರಿ! ಮೊದಲು ಆ ಬಾಗು ಪೈಪ್ ಬಿಚ್ಚಿ ನೋಡಿ!"

ಇನ್ಸ್‌ಪೆಕ್ಟರ್ ಕೈ ಎತ್ತಿದರು. ಡ್ರೈವರ್ ಕೀ ತೆಗೆದ.

"ಯಾಕೆ ಬಾಗು ಪೈಪ್? ಟರ್ಬೊ ಅಂದ್ವಿ ನಾವು. ಪೈಪಿನ ಹೆಸರು ಈ ಶೆಡ್‌ನಲ್ಲಿ ಯಾರೂ ಎತ್ತಿಲ್ಲ."

ಅವನು ಕೈಯಲ್ಲಿದ್ದ ಬಟ್ಟೆಯನ್ನು ಮುದುಡಿ ಹಿಡಿದುಕೊಂಡ.

"ಪುಟ್ಟಿ ಅಲ್ಲಿ ನಿಂತಾಗ ನಿಮಗೆ ಆ ಪೈಪ್ ನೆನಪಾಗ್ಲಿಲ್ಲ," ಎಂದರು ಇನ್ಸ್‌ಪೆಕ್ಟರ್. "ನೀವು ನಿಲ್ಲೋ ಹೊತ್ತಿಗೆ ನೆನಪಾಯ್ತು."

ಪುಟ್ಟಿ ನಿಧಾನವಾಗಿ ಹಲಗೆ ಕೆಳಗಿಟ್ಟಳು.

"ಚಿಕ್ಕಪ್ಪಾ?"

ಅವನು ಅವಳ ಕಡೆ ನೋಡಲಿಲ್ಲ.

ಇನ್ಸ್‌ಪೆಕ್ಟರ್ ಒಂದೊಂದಾಗಿ ಹೇಳಿದರು. ಕಪ್ಪಾಗದ ಗೋಡೆ. ಹಲಗೆಯ ಮೇಲಿನ ಹಸಿ ಉಂಗುರ. ಮಿನುಗುವ ಎಣ್ಣೆ. ಇಳಿದ ಡಬ್ಬ. "ಎಣ್ಣೆ ಬಾಗಿನಲ್ಲಿ ಕೂತಿರುತ್ತೆ. ಬಾಯಲ್ಲಿ ಇಣುಕಿದ್ರೆ ಕಾಣಲ್ಲ. ಇಂಜಿನ್ ಮೆಲ್ಲಗೆ ಓಡಿದ್ರೆ ಅಲ್ಲಾಡಲ್ಲ. ಫುಲ್ ರೇಸ್ ಕೊಟ್ಟಾಗ ಗಾಳಿಯ ಸೆಳೆತಕ್ಕೆ ಒಂದೇ ಸಲ ಒಳಗೆ ಹೋಗುತ್ತೆ. ಆಮೇಲೆ ಇಂಜಿನ್ ಡೀಸೆಲ್ ಕೇಳಲ್ಲ, ಆ ಎಣ್ಣೇನೇ ಸುಟ್ಕೊಂಡು ಓಡುತ್ತೆ. ನಿಮ್ಮಣ್ಣ ಹಲಗೆ ಒತ್ತಿ ನಿಲ್ಲಿಸಿಯೂ ಬಿಟ್ರು. ಅಷ್ಟರಲ್ಲಿ ರೆಕ್ಕೆ ಮುರೀತು."

ಅವನು ನೆಲಕ್ಕೆ ಕುಸಿದ.

"ಅಣ್ಣನನ್ನ ಕೊಲ್ಲೋಕೆ ಅಲ್ಲ," ಎಂದ. "ಆಣೆ ಮಾಡಿ ಹೇಳ್ತೀನಿ, ಅಣ್ಣನ ಮೇಲೆ ಅಲ್ಲ. ಅವಳು ಹೆದರ್ತಾಳೆ, ಹಲಗೆ ಬಿಸಾಕಿ ಓಡ್ತಾಳೆ ಅಂದ್ಕೊಂಡೆ. ಇಂಜಿನ್ ಹೋಗುತ್ತೆ ಅಷ್ಟೆ. ಹುಡುಗೀರ ಕೈಲಾಗೋ ಕೆಲಸ ಅಲ್ಲ ಅಂತ ಅಣ್ಣನಿಗೆ ಗೊತ್ತಾಗ್ಲಿ ಅಂತ. ತಲೆ ನರೆಯೋ ತನಕ ಆ ಬಾಯಿ ಮುಂದೆ ಜೀವ ಇಟ್ಕೊಂಡು ನಿಂತೋನು ನಾನು. ಊಟದ ಮಧ್ಯೆ, ಉಪ್ಪು ಕೊಡು ಅನ್ನೋ ಹಾಗೆ, ಹಲಗೆ ಅವಳಿಗೆ ಕೊಡು ಅಂದ. ಮತ್ತೆ ನನ್ನನ್ನೇ ಕರೀಲಿ ಅಂತ..."

"ಕರೆದ್ರಲ್ಲ," ಎಂದರು ಇನ್ಸ್‌ಪೆಕ್ಟರ್. "ಅವತ್ತು ಬೆಳಿಗ್ಗೆನೇ ಕರೆದ್ರು."

ಅವನು ಮುಖ ಮುಚ್ಚಿಕೊಂಡ. "ಕರೆದ."

"ಹೇಳಬಹುದಿತ್ತು."

"ಹೇಳಿದ್ರೆ ಗೊತ್ತಾಗ್ತಿತ್ತಲ್ಲ ಮೇಡಂ. ಅಣ್ಣ ಮತ್ತೆ ನನ್ನ ಮುಖ ನೋಡ್ತಿರಲಿಲ್ಲ."

ಕಾನ್‌ಸ್ಟೇಬಲ್ ಅವನ ರಟ್ಟೆ ಹಿಡಿದು ಎಬ್ಬಿಸಿದ. ಅತ್ತಿಗೆಯನ್ನು ದಾಟಿ ಹೋಗುವಾಗ ಅವನು ಒಂದು ಕ್ಷಣ ನಿಂತ. ಅವಳು ಸೆರಗನ್ನು ಎಳೆದುಕೊಂಡು ಗೋಡೆಯ ಕಡೆ ತಿರುಗಿದಳು.

*

"ಇಂಜಿನ್ ಓಡಿಸ್ಲೇಬೇಕು," ಎಂದರು ತಪಾಸಣೆ ಅಧಿಕಾರಿ ಮೆಲ್ಲಗೆ. "ಪೈಪ್ ಶುದ್ಧ ಮಾಡಿದೀವಿ. ಆದ್ರೂ ಓಡಿದ್ದನ್ನ ಕಣ್ಣಾರೆ ನೋಡದೆ ಬರೆಯೋಕಾಗಲ್ಲ."

ಪುಟ್ಟಿ ಚಾಲಕನ ಸೀಟಿಗೆ ಹತ್ತಿದಳು. ಹಲಗೆ ನೆಲದ ಮೇಲಿತ್ತು.

ತಾಯಿ ಬಗ್ಗಿ ಅದನ್ನು ಎತ್ತಿಕೊಂಡಳು. "ನಾನು ನಿಲ್ತೀನಿ."

"ಬೇಡ."

"ಪುಟ್ಟೀ, ನನ್ನ ಮಾತು ಕೇಳು. ನಿನ್ನನ್ನ ಕಳಿಸದೇ ಇದ್ದಿದ್ರೆ ನೀನು..."

"ಇಲ್ಲೇ ಇದ್ದಿದ್ರೆ ನಾನು ಹಲಗೆ ಒತ್ತಿರ್ತಿದ್ದೆ. ಇಲ್ಲಾ ನಾನೇ ಸತ್ತಿರ್ತಿದ್ದೆ. ಎರಡರಲ್ಲಿ ಯಾವುದು ಅಂತ ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಇನ್ನು ಗೊತ್ತಾಗೋದೂ ಇಲ್ಲ." ಪುಟ್ಟಿ ಕಿಟಕಿಯಿಂದ ಕೆಳಗೆ ನೋಡಲಿಲ್ಲ. "ಹಲಗೆ ಡ್ರೈವರಣ್ಣನಿಗೆ ಕೊಡಮ್ಮ. ನೀನು ಹೊರಗೆ ಹೋಗು."

ತಾಯಿ ಹಲಗೆ ಕೊಟ್ಟಳು. ಹೊರಗೆ ಬಂದು ಲಾರಿಯ ಹಿಂದೆ, ಬಾಗಿಲಿನಿಂದ ಹೊಗೆಕೊಳವೆ ಕಾಣುವಲ್ಲಿ ನಿಂತಳು.

ಇಂಜಿನ್ ಹಿಡಿಯಿತು. ಮೊದಲು ಮೆಲ್ಲಗೆ, ಆಮೇಲೆ ಪೆಡಲ್ ತಳ ಮುಟ್ಟಿತು. ಶೆಡ್ಡಿನ ತಗಡೆಲ್ಲ ನಡುಗಿತು. ಸದ್ದು ಏರಬೇಕಾದಷ್ಟು ಏರಿ, ಹದವಾಗಿ ನಿಂತು, ಕಾಲು ತೆಗೆದೊಡನೆ ಇಳಿಯಿತು. ಮತ್ತೊಮ್ಮೆ. ಇನ್ನೊಮ್ಮೆ. ಡ್ರೈವರ್ ಕೈಯಲ್ಲಿದ್ದ ಹಲಗೆ ಅಲುಗಾಡಲಿಲ್ಲ. ಅದಕ್ಕೆ ಕೆಲಸವೇ ಬರಲಿಲ್ಲ.

ಅಧಿಕಾರಿ ಹೊಗೆ ಅಳೆಯುವ ಯಂತ್ರದ ಮುಳ್ಳು ನೋಡಿದರು. ಮತ್ತೆ ಬಗ್ಗಿ ನೋಡಿದರು. ಆಮೇಲೆ ಬರೆದರು. ಕಟ್ಟಿದ ಕೆಲಸದಲ್ಲಿ ಯಾವ ದೋಷವೂ ಇಲ್ಲ.

ಇನ್ಸ್‌ಪೆಕ್ಟರ್ ಅದನ್ನು ಹೊರಗೆ ತಂದು ತಾಯಿಗೆ ಓದಿ ಹೇಳಿದರು. ಅವಳು ಕೇಳಿದ್ದು ಇಷ್ಟೇ ತಾನೆ.

ಅವಳು ತಲೆಯಾಡಿಸಿದಳು. ಕಣ್ಣು ಮಾತ್ರ ಕೊಳವೆಯ ಬಾಯಿಯ ಮೇಲೇ ಇತ್ತು. ಒಳಗೆ ಮಗಳು ಇಂಜಿನ್ನನ್ನು ಮತ್ತೆ ಏರಿಸುತ್ತಿದ್ದಳು. ಸ್ವಲ್ಪ ಹೊಗೆ ಬಂದಿದ್ದರೂ ಕಣ್ಣೊರೆಸಿಕೊಳ್ಳಲು ಒಂದು ನೆಪವಾಗುತ್ತಿತ್ತು.

ಬರಲಿಲ್ಲ.